ತಿರುಗುವ ವೇಗದ ಕಂಪನವೆಲ್ಲ ಅನ್‌ಬ್ಯಾಲೆನ್ಸ್ ಅಲ್ಲ: ಸ್ಪಷ್ಟನೆ

'ಮೋಟಾರು ತಿರುಗುವ ವೇಗದಲ್ಲೇ ವೈಬ್ರೇಶನ್ ಎದ್ದು ಕಂಡರೆ ಅದು ಅನ್‌ಬ್ಯಾಲೆನ್ಸೇ. ಫೇಸ್ ನೋಡಬೇಕಿಲ್ಲ, ಫ್ಯಾನಿಗೆ ತೂಕ ಹಾಕಿ' ಎಂಬ ಸಂದೇಶ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆಯ ಮೇಂಟೆನೆನ್ಸ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಅನ್‌ಬ್ಯಾಲೆನ್ಸ್ ಎಂದರೆ ತಿರುಗುವ ಭಾಗದ ತೂಕ ಒಂದು ಬದಿಗೆ ಹೆಚ್ಚಾಗಿರುವುದು.

ಶಾಫ್ಟ್ ಬಾಗಿದ್ದರೂ, ಅಲೈನ್‌ಮೆಂಟ್ (ಜೋಡಿಸಿದ ಎರಡು ಶಾಫ್ಟುಗಳ ನೇರ) ತಪ್ಪಿದ್ದರೂ, ಬೋಲ್ಟು ಸಡಿಲವಿದ್ದರೂ 1480 ಆರ್‌ಪಿಎಂ ಮೋಟಾರಿನಲ್ಲಿ ಅದೇ 24.7 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 24.7 ಸುತ್ತು) ಕಂಪನ ಏರಬಹುದು. ಇವನ್ನು ಬೇರೆಬೇರೆಯಾಗಿ ತೋರಿಸಿಕೊಡುವುದೇ ಫೇಸ್; ಅಂದರೆ ಶಾಫ್ಟಿನ ಮೇಲಿನ ಗುರುತಿಗೆ ಹೋಲಿಸಿದರೆ ಸುತ್ತಿನ ಯಾವ ಡಿಗ್ರಿಯಲ್ಲಿ ಕಂಪನ ಗರಿಷ್ಠಕ್ಕೆ ಬರುತ್ತದೆ ಎಂಬುದು.

ಒಂದೇ ಬೇರಿಂಗಿನ ಅಡ್ಡ ಮತ್ತು ಲಂಬ ರೀಡಿಂಗ್‌ಗಳ ನಡುವೆ ಸುಮಾರು 90 ಡಿಗ್ರಿ ಅಂತರವಿದ್ದರೆ ಅನ್‌ಬ್ಯಾಲೆನ್ಸ್ ಅನುಮಾನ ಗಟ್ಟಿಯಾಗುತ್ತದೆ. ಮೋಟಾರಿನ ಕಾಲಿಗೂ ಬೇಸ್‌ಪ್ಲೇಟಿಗೂ ನಡುವೆ ಫೇಸ್ ಜಿಗಿದರೆ ಬೋಲ್ಟು ಸಡಿಲವಿರಬಹುದು, ಮೊದಲು ಸ್ಪ್ಯಾನರ್ ಹಿಡಿಯಿರಿ. ಕಪ್ಲಿಂಗಿನ (ಎರಡು ಶಾಫ್ಟು ಸೇರಿಸುವ ಜೋಡಣೆ) ಎರಡು ಬದಿಯಲ್ಲಿ ಶಾಫ್ಟಿನ ಉದ್ದಕ್ಕೆ ಅಳೆದಾಗ ಅಂತರ 180ರ ಹತ್ತಿರ ಬಂದರೆ ಅಲೈನ್‌ಮೆಂಟ್ ನೋಡಬೇಕು. ಹೆಚ್ಚು ಜನ ಎಡವುವುದು ಇಲ್ಲೇ: ಸೆನ್ಸರನ್ನು ಎರಡು ಕಡೆ ಎದುರುಬದುರಾಗಿ ಇಟ್ಟಿದ್ದರೆ ಒಂದು ರೀಡಿಂಗಿಗೆ 180 ಕೂಡಿಸಿಯೇ ಹೋಲಿಸಬೇಕು. ಮರೆತರೆ ತೀರ್ಮಾನವೇ ತಲೆಕೆಳಗು.

ಸಡಿಲ ಬೋಲ್ಟಿನ ಮೇಲೆ ಬ್ಯಾಲೆನ್ಸ್ ಮಾಡಿದರೆ ತೂಕ ಬದಲಿಸಿದಷ್ಟೂ ರೀಡಿಂಗ್ ನಿಲ್ಲುವುದಿಲ್ಲ. ಬೇರಿಂಗು ಸವೆಯುತ್ತಲೇ ಇರುತ್ತದೆ. ದಯವಿಟ್ಟು ಶಾಫ್ಟಿಗೆ ರಿಫ್ಲೆಕ್ಟಿವ್ ಟೇಪ್ ಅಂಟಿಸಿ, ಟ್ಯಾಕೋ (ಆ ಟೇಪ್ ಪ್ರತಿ ಸುತ್ತಿನಲ್ಲಿ ಹಾಯುವುದನ್ನು ಗುರುತಿಸುವ ಸಾಧನ) ಇಟ್ಟು ಫೇಸ್ ತೆಗೆದ ಮೇಲೆಯೇ ತೂಕದ ವೆಲ್ಡಿಂಗಿಗೆ ಕೈಹಾಕಿ.