ಮನ್ರೋ ಶಾಲೆ ಕೆಟ್ಟ ಶಾಲೆ ಆಗಿರಲಿಲ್ಲ

ಅಮೆರಿಕದ 'ಬ್ರೌನ್ ವರ್ಸಸ್ ಬೋರ್ಡ್ ಆಫ್ ಎಜುಕೇಶನ್' ಕೇಸಿನ ಕಥೆಯನ್ನು ಎಲ್ಲರೂ ಹೆಚ್ಚುಕಮ್ಮಿ ಒಂದೇ ಥರ ಹೇಳುತ್ತಾರೆ. ಕಪ್ಪು ಮಕ್ಕಳಿಗೆ ಮುರುಕು ಶಾಲೆ, ಬಿಳಿಯರ ಮಕ್ಕಳಿಗೆ ಚಂದದ ಶಾಲೆ. ಒಬ್ಬ ಅಪ್ಪ ಕೋರ್ಟಿಗೆ ಹೋದ, ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕುವ ಹಾಗಿಲ್ಲ ಅಂತ 1954ರಲ್ಲಿ ತೀರ್ಪು ಬಂತು, ಅವನು ಗೆದ್ದ. ದಕ್ಷಿಣದ ಎಷ್ಟೋ ಊರುಗಳಿಗೆ ಈ ಕಥೆ ಹೊಂದುತ್ತದೆ. ಆದರೆ ಕೇಸಿಗೆ ಹೆಸರು ಬಂದ ಊರು ಕ್ಯಾನ್ಸಸ್ ರಾಜ್ಯದ ಟೊಪೀಕಾ. ಅಲ್ಲಿ ಆ ಅಪ್ಪನ ಮಗಳು ಲಿಂಡಾ ಬ್ರೌನ್ ಓದುತ್ತಿದ್ದ ಮನ್ರೋ ಪ್ರಾಥಮಿಕ ಶಾಲೆ ಗಟ್ಟಿಮುಟ್ಟಾಗಿತ್ತು, ಪಾಠವೂ ಚೆನ್ನಾಗಿತ್ತು.

ಆ ಶಾಲೆಯ ಸುತ್ತಲಿನ ಬಡಾವಣೆಗೇ ಒಂದು ಚರಿತ್ರೆ ಇದೆ. ಜಾಗ ಮೊದಲು ಜಾನ್ ರಿಚಿ ಎಂಬವರದು. ಗುಲಾಮಗಿರಿ ಹೋಗಬೇಕು ಅಂತ ಹೋರಾಡಿದ ಮನುಷ್ಯ. ಅಂತರ್ಯುದ್ಧ ಮುಗಿದ ಮೇಲೆ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು ಇಲ್ಲಿ ಮನೆ ಕಟ್ಟಿಕೊಂಡರು. 1879ರ ಹೊತ್ತಿಗೆ ದಕ್ಷಿಣದ ರಾಜ್ಯಗಳಿಂದ ಸಾವಿರಾರು ಜನ ಗುಳೆ ಎದ್ದು ಕ್ಯಾನ್ಸಸ್‌ಗೆ ಬಂದರು. ವಿಚಿತ್ರ ನೋಡಿ, ಅದೇ 1879ರಲ್ಲಿ ಅದೇ ಕ್ಯಾನ್ಸಸ್ ಒಂದು ಕಾನೂನು ಮಾಡಿತು. ದೊಡ್ಡ ಊರುಗಳು ಬೇಕಿದ್ದರೆ ಪ್ರಾಥಮಿಕ ಶಾಲೆಗಳನ್ನು ಬಣ್ಣದ ಮೇಲೆ ಬೇರೆ ಬೇರೆ ನಡೆಸಬಹುದು ಅಂತ. ಮಾಡಲೇಬೇಕು ಅಂತ ಅಲ್ಲ, ಮಾಡಬಹುದು ಅಂತ! ಟೊಪೀಕಾ ಮಾಡಿತು. ಜನ ಸುಮ್ಮನೆ ಕೂರಲಿಲ್ಲ. 1881ರಿಂದ 1949ರ ತನಕ ಈ ವಿಷಯಕ್ಕೇ ಕ್ಯಾನ್ಸಸ್‌ನಲ್ಲಿ 11 ಕೇಸುಗಳಾದವು. ಬ್ರೌನ್ ಕೇಸು ಆಕಾಶದಿಂದ ಉದುರಿದ್ದಲ್ಲ.

1950ರ ಹೊತ್ತಿಗೆ ಟೊಪೀಕಾದಲ್ಲಿ ಬಿಳಿಯರ ಮಕ್ಕಳಿಗೆ 18 ಪ್ರಾಥಮಿಕ ಶಾಲೆ, ಕಪ್ಪು ಮಕ್ಕಳಿಗೆ 4. ಮನ್ರೋ ಆ ನಾಲ್ಕರಲ್ಲಿ ಒಂದು. ಈಗ ನಿಂತಿರುವ ಇಟ್ಟಿಗೆಯ ಕಟ್ಟಡ 1926ರದು. ಅದರ ನಕ್ಷೆ ಮಾಡಿದ ಥಾಮಸ್ ವಿಲಿಯಮ್ಸನ್ ಅದೇ ಊರಲ್ಲಿ ಬಿಳಿಯರ ಶಾಲೆಗಳನ್ನೂ ಕಟ್ಟಿಸಿದವರು. ಕಟ್ಟಡ, ಪಾಠ, ಮೇಷ್ಟ್ರುಗಳ ಓದು, ಎಲ್ಲದರಲ್ಲೂ ಎರಡೂ ಕಡೆ ಹೆಚ್ಚುಕಮ್ಮಿ ಸಮ ಅಂತ 1951ರಲ್ಲಿ ಕೆಳಗಿನ ಕೋರ್ಟೇ ಹೇಳಿತು. ಬೇರೆ ಬೇರೆ ಇದ್ದರೂ ಸಮ ಇದ್ದರೆ ಸಾಕು ಎಂಬುದು ಆಗಿನ ಕಾನೂನು, ಅದೇ ಕಾರಣಕ್ಕೆ ಕೇಸೂ ಬಿದ್ದುಹೋಯಿತು. ಆದರೆ ಬೇರೆ ಇಡುವುದರಿಂದಲೇ ಕಪ್ಪು ಮಕ್ಕಳ ಮನಸ್ಸಿಗೆ ಪೆಟ್ಟು ಬೀಳುತ್ತದೆ ಅಂತಲೂ ಅದೇ ತೀರ್ಪಿನಲ್ಲಿ ಬರೆದಿದ್ದರು. ಮೂರು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಆ ಮಾತನ್ನೇ ಎತ್ತಿಕೊಂಡು ತೀರ್ಪು ತಿರುಗಿಸಿತು.

ಹಾಗಾದರೆ ಜಗಳ ಯಾತಕ್ಕೆ? ಲಿಂಡಾ ಮನೆಯಿಂದ ಸಮ್ನರ್ ಶಾಲೆಗೆ ಏಳು ಬ್ಲಾಕ್ ನಡೆದರೆ ಸಾಕಿತ್ತು. ಅದು ಬಿಳಿಯರದು. ಮನ್ರೋಗೆ ಹೋಗಬೇಕೆಂದರೆ ರೈಲ್ವೆ ಯಾರ್ಡ್ ಪಕ್ಕದಲ್ಲೇ ನಡೆದು ಬಸ್ ಹಿಡಿಯಬೇಕು. ಮೂರನೇ ತರಗತಿಯ ಮಗು. ಅಪ್ಪ ಆಲಿವರ್ ಬ್ರೌನ್ ರೈಲ್ವೆಯಲ್ಲಿ ವೆಲ್ಡರ್, ಚರ್ಚಿನಲ್ಲಿ ಸಹಾಯಕ ಪಾದ್ರಿ. 1950ರಲ್ಲಿ ಅವರೂ ಇನ್ನು 12 ಪೋಷಕರೂ ತಮ್ಮ ಮಕ್ಕಳನ್ನು ಮನೆ ಹತ್ತಿರದ ಶಾಲೆಗಳಿಗೆ ಸೇರಿಸಲು ಹೋದರು. ಯಾರಿಗೂ ಸೀಟು ಸಿಗಲಿಲ್ಲ. ನಿನ್ನ ಮನೆ ಈ ಬೀದಿಯಲ್ಲಿರಬಹುದು, ಆದರೆ ಈ ಬೀದಿಯ ಶಾಲೆ ನಿನ್ನದಲ್ಲ. ಅವರು ಕೋರ್ಟಿಗೆ ಒಯ್ದದ್ದು ಈ ಮಾತನ್ನು. ಸೋರುವ ಸೂರಿನ ದೂರು ಹೇಳೋಕೆ ಅವರು ಹೋಗಿರಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 'ಕಪ್ಪು ಜನರ ಶಾಲೆ ಅಂದರೆ ಕಳಪೆ ಶಾಲೆ' ಅಂತ ಕಥೆ ಹೇಳಿದ ಕೂಡಲೇ ಅಲ್ಲಿನ ಟೀಚರುಗಳು ಕಥೆಯಿಂದಲೇ ಮಾಯವಾಗುತ್ತಾರೆ. ನಿಜ ಜೀವನದಲ್ಲೂ ಹಾಗೇ ಆಯಿತು. ತೀರ್ಪು ಬರುವ ಮೊದಲೇ, 1953ರಲ್ಲಿ, ಟೊಪೀಕಾದ ಕೆಲವು ಕಪ್ಪು ಟೀಚರುಗಳಿಗೆ ಪತ್ರ ಬಂತು. ಮುಂದಿನ ವರ್ಷ ನಿಮಗೆ ಕೆಲಸ ಇಲ್ಲ ಅಂತ. ಶಾಲೆಗಳು ಒಂದಾದರೆ ಬಿಳಿಯ ಪೋಷಕರು ಇವರನ್ನು ಒಪ್ಪಲ್ಲ ಎಂಬ ಲೆಕ್ಕಾಚಾರ. ದಕ್ಷಿಣದ ರಾಜ್ಯಗಳಲ್ಲಂತೂ ಮುಂದೆ ಸಾವಿರಾರು ಮೇಷ್ಟ್ರುಗಳು, ಹೆಡ್‌ಮಾಸ್ಟರುಗಳು ಕೆಲಸ ಕಳೆದುಕೊಂಡರು. ಮಕ್ಕಳು ಆ ಕಡೆ ಹೋಗಬಹುದು, ಅವರಿಗೆ ಕಲಿಸಿದವರು ಹೋಗುವ ಹಾಗಿಲ್ಲ. ಇದೆಂಥಾ ನ್ಯಾಯ? ತೀರ್ಪು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಬರಲೇಬೇಕಿತ್ತು. ಆದರೆ ಅದನ್ನು ಜಾರಿ ಮಾಡಿದವರು ಖರ್ಚನ್ನೆಲ್ಲ ಒಂದೇ ಕಡೆಯವರ ಲೆಕ್ಕಕ್ಕೆ ಬರೆದರು.

ಮನ್ರೋ 1975ರಲ್ಲಿ ಮುಚ್ಚಿತು. ಮಾರಾಟಕ್ಕೂ ಬಂತು. ಬ್ರೌನ್ ಕುಟುಂಬದವರು ಮತ್ತು ಊರಿನವರು ಹಟ ಹಿಡಿದಿದ್ದಕ್ಕೆ ಉಳಿಯಿತು. 1992ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು. ತೀರ್ಪಿಗೆ 50 ವರ್ಷ ತುಂಬಿದ ದಿನ, 2004ರ ಮೇ 17ಕ್ಕೆ, ಜನರಿಗೆ ತೆರೆಯಿತು.

ಹಾಗಂತ ಜಗಳ ಮ್ಯೂಸಿಯಂ ಸೇರಿಬಿಟ್ಟಿರಲಿಲ್ಲ. 1979ರಲ್ಲಿ ಹಳೇ ಕೇಸನ್ನು ಮತ್ತೆ ತೆರೆಸಿದವರಲ್ಲಿ ಲಿಂಡಾ ಕೂಡ ಇದ್ದರು. ಈ ಸಲ ಅವರೇ ತಾಯಿ. ಯಾವ ಶಾಲೆ ಬೇಕೋ ಅದಕ್ಕೆ ಸೇರಿಸಿ ಅಂತ ಬಿಟ್ಟರೆ ಬಿಳಿಯ ಪೋಷಕರು ತಮಗೆ ಬೇಕಾದ ಕಡೆ ಜಾರಿಕೊಳ್ಳುತ್ತಾರೆ, ಶಾಲೆಗಳು ಮತ್ತೆ ಎರಡು ಬಣ್ಣಕ್ಕೆ ಒಡೆಯುತ್ತವೆ ಎಂಬುದು ಅವರ ದೂರು. ಅಪ್ಪ ಮನೆ ಹತ್ತಿರದ ಶಾಲೆ ಕೇಳಿದರು, ಮಗಳು ಶಾಲೆ ಆರಿಸಿಕೊಳ್ಳುವ ಪದ್ಧತಿಯನ್ನೇ ಪ್ರಶ್ನಿಸಿದರು. ಎರಡೂ ಬೇರೆ ಅನ್ನಿಸಬಹುದು. ನನಗೆ ಒಂದೇ ಅನ್ನಿಸುತ್ತದೆ, ಯಾಕೆಂದರೆ ಇಬ್ಬರೂ ಕೇಳಿದ್ದು ಬೀದಿಯ ಶಾಲೆಯಲ್ಲಿ ಬೀದಿಯ ಎಲ್ಲ ಮಕ್ಕಳೂ ಇರಲಿ ಅಂತ. ಆ ಕೇಸು ಪೂರ್ತಿ ಮುಗಿದದ್ದು 1999ರಲ್ಲಿ. ಲಿಂಡಾಗೆ ಸೀಟು ಕೊಡದ ಸಮ್ನರ್ ಶಾಲೆ ಅದಕ್ಕೂ ಮೂರು ವರ್ಷ ಮೊದಲೇ ಮುಚ್ಚಿತ್ತು.