ಕೋಣನಕುಂಟೆಯ ಆ ಬಾಡಿಗೆ ಮನೆ, ನಮ್ಮ ಬಾಡಿಗೆ ಮನೆ

ನಮ್ಮ ಹೈಸ್ಕೂಲ್ ಗ್ರೂಪಿನಲ್ಲಿ ಮೊನ್ನೆ ದೊಡ್ಡ ಜಗಳ. ಭಯೋತ್ಪಾದನೆ ಅನ್ನೋದು ಕೆಲವರ ರಕ್ತದಲ್ಲೇ ಬಂದಿರುತ್ತೆ ಅಂತ ಒಬ್ಬ ಬರೆದ. ಇಲ್ಲ, ಎಲ್ಲಾ ಬಡತನದಿಂದ ಬರೋದು ಅಂತ ಇನ್ನೊಬ್ಬ. ರಾತ್ರಿ ಹನ್ನೊಂದರವರೆಗೂ ಕಿತ್ತಾಡಿದರು, ಇಬ್ಬರು ಗ್ರೂಪ್ ಬಿಟ್ಟು ಹೋದರು, ಬೆಳಗ್ಗೆ ಅಡ್ಮಿನ್ ಎಲ್ಲರಿಗೂ ಒಂದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿ ಸುಮ್ಮನಾದ. ನಾನು ಏನೂ ಬರೆಯಲಿಲ್ಲ. ಎರಡು ಸಾಲಲ್ಲಿ ಹೇಳೋ ವಿಷಯ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರಾದರೆ ಬಿಟ್ಟುಬಿಡಿ.

ನನಗೆ ಈ ಮಾತು ಬಂದಾಗೆಲ್ಲ ನೆನಪಾಗೋದು ಕೋಣನಕುಂಟೆ. 1991ರ ಆಗಸ್ಟ್, ನಾನಾಗ ಏಳನೇ ಕ್ಲಾಸು. ರಾಜೀವ್ ಗಾಂಧಿ ಹತ್ಯೆಯಾಗಿ ಮೂರು ತಿಂಗಳಾಗಿತ್ತು. ಶ್ರೀಲಂಕಾದಲ್ಲಿ ತಮಿಳರಿಗೆ ಬೇರೆ ದೇಶ ಬೇಕು ಅಂತ ಬಂದೂಕು ಹಿಡಿದಿದ್ದ ಗುಂಪು ಎಲ್‌ಟಿಟಿಇ, ಜನ ಕರೆಯುತ್ತಿದ್ದದ್ದು ಹುಲಿಗಳು ಅಂತ. ಆ ಸಂಚು ನಡೆಸಿದ ಅದರ ಶಿವರಾಸನ್ ಮತ್ತವನ ಜೊತೆಯವರು ಬೆಂಗಳೂರಿನ ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ ಅಡಗಿದ್ದರು. ಕಮಾಂಡೋಗಳು ಸುತ್ತುವರಿದು, 20ನೇ ತಾರೀಖು ಬೆಳಗ್ಗೆ ಒಳಗೆ ನುಗ್ಗಿದಾಗ ಏಳೂ ಜನ ಹೆಣವಾಗಿದ್ದರು. ಸಯನೈಡ್ ಅನ್ನೋ ಪದ ನಾವೆಲ್ಲ ಕಲಿತಿದ್ದು ಆ ವಾರವೇ. ಅದನ್ನ ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಂಡು ಓಡಾಡ್ತಾರಂತೆ ಅಂತ ಸ್ಕೂಲ್ ತುಂಬಾ ಅದೇ ಮಾತು. ಊಟದ ಬಿಡುವಿನಲ್ಲಿ ಚಾಕ್‌ಪೀಸ್ ಚೂರು ಕಚ್ಚಿ ಸತ್ತ ಹಾಗೆ ಬೀಳೋ ಆಟ ಆಡುತ್ತಿದ್ದೆವು. ಯಾರು ಚೆನ್ನಾಗಿ ಸಾಯುತ್ತಾರೆ ಅನ್ನೋದೇ ಪಂದ್ಯ. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ಕೊರಳಿಗೆ ವಿಷ ಕಟ್ಟಿಕೊಳ್ಳೋ ಹುಡುಗ ಹೇಗೆ ತಯಾರಾಗ್ತಾನೆ ಅನ್ನೋ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ದೊಡ್ಡವನಾದ ಮೇಲೆ ಶ್ರೀಲಂಕಾದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ಮೊದಲು ರಕ್ತದ ವಿಷಯ. 1956ರಲ್ಲಿ ಅಲ್ಲಿನ ಸರ್ಕಾರ ಬಹುಸಂಖ್ಯಾತರ ಭಾಷೆಯಾದ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾನೂನು ತಂದಿತು. ತಮಿಳರು ಬಾಂಬ್ ಹಾಕಲಿಲ್ಲ. ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ, ಪಾರ್ಲಿಮೆಂಟಿನ ಎದುರು, ಸತ್ಯಾಗ್ರಹ ಕೂತರು. ನಮ್ಮ ಗಾಂಧಿಯಿಂದ ಕಲಿತ ದಾರಿ ಅದು. ಗುಂಪು ಬಂದು ಅವರನ್ನ ಹೊಡೆಯಿತು. ಮಾರನೇ ವರ್ಷ ಪ್ರಧಾನಿ ಬಂಡಾರನಾಯಕೆ ತಮಿಳು ನಾಯಕ ಚೆಲ್ವನಾಯಕಂ ಜೊತೆ, ತಮಿಳರಿಗೆ ಒಂದಷ್ಟು ಅಧಿಕಾರ ಕೊಡೋ ಒಪ್ಪಂದ ಮಾಡಿಕೊಂಡರು. ಬೌದ್ಧ ಭಿಕ್ಷುಗಳು ಮನೆ ಮುಂದೆ ಧರಣಿ ಕೂತಾಗ 1958ರಲ್ಲಿ ಅದನ್ನ ಮುರಿದರು. 1959ರಲ್ಲಿ ಆ ಬಂಡಾರನಾಯಕೆಯನ್ನೂ ಗುಂಡಿಕ್ಕಿ ಕೊಂದಿದ್ದು ಒಬ್ಬ ಬೌದ್ಧ ಭಿಕ್ಷುವೇ. ಈಗ ಹೇಳಿ, ರಕ್ತ ಯಾರದ್ದು ಅಂತ ನೋಡೋದು?

ಬಡತನವೂ ಪೂರ್ತಿ ಸರಿಯಲ್ಲ. ಲಂಕಾದ ಉತ್ತರ ತುದಿಯ ಜಾಫ್ನಾದ ತಮಿಳರು ಓದಿದ ಜನ. ಡಾಕ್ಟರು, ಎಂಜಿನಿಯರು, ಸರ್ಕಾರಿ ಗುಮಾಸ್ತರು. ಪೆಟ್ಟು ಬಿದ್ದಿದ್ದೇ ಅಲ್ಲಿ. 1971ರಲ್ಲಿ ಮೆಡಿಕಲ್ ಸೀಟಿಗೆ 400ಕ್ಕೆ ಸಿಂಹಳ ಮಾಧ್ಯಮದ ಹುಡುಗನಿಗೆ 229 ಸಾಕಿತ್ತು, ತಮಿಳು ಮಾಧ್ಯಮದವನಿಗೆ 250 ಬೇಕಿತ್ತು. ಆ 21 ಮಾರ್ಕ್ಸ್ ಅಂದರೆ ಏನು ಅಂತ ಸಿಇಟಿ ರ‍್ಯಾಂಕ್‌ಗಾಗಿ ಮಕ್ಕಳನ್ನ ಎರಡು ವರ್ಷ ಕಟ್ಟಿಹಾಕೋ ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಕೂತು ಓದುತ್ತಿದ್ದ ಹುಡುಗರು ಪುಸ್ತಕ ಮುಚ್ಚಿಟ್ಟಿದ್ದು ಆಗ.

ಭಾಷೆಗಾಗಿ ನಾವೂ ಬೀದಿಗಿಳಿದಿದ್ದೇವೆ. 1982ರ ಗೋಕಾಕ್ ಚಳವಳಿ ನೆನಪಿದೆಯಲ್ವಾ, ರಾಜ್‌ಕುಮಾರ್ ಬಂದಾಗ ಸೇರಿದ ಜನಸಾಗರ. ಸರ್ಕಾರ ಕೊನೆಗೆ ಬಗ್ಗಿತು. ನಾವು ನಮ್ಮದೇ ರಾಜ್ಯದಲ್ಲಿ ಬಹುಸಂಖ್ಯಾತರು, ಓಟು ನಮ್ಮ ಕೈಲಿತ್ತು, ಹಾಗಾಗಿ ಬಗ್ಗಿತು. ಜಾಫ್ನಾದವರ ಕೈಲಿ ಅದು ಇರಲಿಲ್ಲ. ಸುಮ್ನೆ ಹೋಲಿಸೋಕೆ ಹೋಗಬಾರದು, ಆದರೂ ಕನ್ನಡದವನಾಗಿ ಓದುವಾಗ ಮನಸ್ಸು ಅಲ್ಲಿಗೆ ಹೋಗೇ ಹೋಗುತ್ತೆ.

ಇಲ್ಲಿವರೆಗೆ ಓದಿ "ಅಂದರೆ ಅವರು ಮಾಡಿದ್ದು ಸರಿ ಅಂತೀಯಾ" ಅಂತ ಕಾಮೆಂಟ್ ಟೈಪ್ ಮಾಡೋಕೆ ಶುರು ಮಾಡಿದವರು ಸ್ವಲ್ಪ ತಡೀರಿ. ಅನ್ಯಾಯ ಆಗಿತ್ತು, ನಿಜ. ಅದೇ ಅನ್ಯಾಯ ಲಕ್ಷಾಂತರ ಜನಕ್ಕೆ ಆಗಿತ್ತು, ಬಂದೂಕು ಹಿಡಿದವರು ಕೆಲವರು. ಮುಂದೆ ಎಲ್‌ಟಿಟಿಇ ಕಟ್ಟಿದ ಪ್ರಭಾಕರನ್ 1975ರಲ್ಲಿ ಮೊದಲು ಕೊಂದಿದ್ದು ಯಾರನ್ನ ಗೊತ್ತಾ? ಸಿಂಹಳ ಸೈನಿಕನನ್ನಲ್ಲ. ಜಾಫ್ನಾದ ಮೇಯರ್ ಆಲ್ಫ್ರೆಡ್ ದುರೈಯಪ್ಪ ಅವರನ್ನ. ತಮಿಳರೇ, ದೇವಸ್ಥಾನಕ್ಕೆ ಬಂದಿದ್ದರು. ಸರ್ಕಾರದ ಪರ ಇದ್ದಾರೆ ಅನ್ನೋದೇ ತಪ್ಪು. ಮಾರನೇ ವರ್ಷ ಎಲ್‌ಟಿಟಿಇ ಹುಟ್ಟಿತು.

ಆಮೇಲೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಜನ ಸೇರಿಸಿಕೊಟ್ಟ ಹಾಗಾಯಿತು. 1981ರಲ್ಲಿ ಸಿಂಹಳರ ಗುಂಪು ಜಾಫ್ನಾದ ಲೈಬ್ರರಿ ಸುಟ್ಟಿತು, ಸುಮಾರು 97 ಸಾವಿರ ಪುಸ್ತಕ, ಹಸ್ತಪ್ರತಿ, ತಾಳೆಗರಿ. 1983ರ ಜುಲೈನಲ್ಲಿ ಹುಲಿಗಳು 13 ಸೈನಿಕರನ್ನ ಕೊಂದರು. ಅದಕ್ಕೆ ಕೊಲಂಬೊದಲ್ಲಿ ಸಿಂಹಳರ ಗುಂಪುಗಳು ಮತದಾರರ ಪಟ್ಟಿ ಹಿಡಿದುಕೊಂಡು ತಮಿಳರ ಮನೆ ಹುಡುಕಿ ಹುಡುಕಿ ಬೆಂಕಿ ಇಟ್ಟವು. ಓಟು ಹಾಕೋಕೆ ಬರೆಸಿದ ಹೆಸರು, ವಿಳಾಸ! ಅಲ್ಲಿವರೆಗೆ ಬೆರಳೆಣಿಕೆಯಷ್ಟಿದ್ದ ಹುಡುಗರ ಗುಂಪುಗಳಿಗೆ ಸಾವಿರಾರು ಹುಡುಗರು ತಾವಾಗಿ ಬಂದರು. ಅವರಿಗೆ ತರಬೇತಿ ಕೊಟ್ಟಿದ್ದರಲ್ಲಿ ನಮ್ಮ ದೇಶದ ಕೈಯೂ ಇತ್ತು, ಅದನ್ನ ಮರೆಯೋ ಹಾಗಿಲ್ಲ. 1987ರಲ್ಲಿ ಅದೇ ಹುಲಿಗಳ ಮೇಲೆ, ಲಂಕಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆ ಯುದ್ಧ ಮಾಡಬೇಕಾಯಿತು, ಸಾವಿರಕ್ಕೂ ಜಾಸ್ತಿ ಯೋಧರು ಸತ್ತರು.

ನನ್ನನ್ನ ಎಲ್ಲಕ್ಕಿಂತ ಕಾಡಿದ್ದು ರಜನಿ ತಿರಣಗಾಮ ಅವರ ಕಥೆ. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅನಾಟಮಿ ಪಾಠ ಮಾಡುತ್ತಿದ್ದ ಡಾಕ್ಟರ್. ತಮಿಳು ಹೆಣ್ಣುಮಗಳು, ಗಂಡ ಸಿಂಹಳೀಯ. ಮೊದಲು ಹುಲಿಗಳ ಗಾಯಕ್ಕೆ ಮದ್ದು ಹಾಕಿದವರು, ಅವರ ಪರ ಕೆಲಸ ಮಾಡಿದವರು. ಆಮೇಲೆ ಕಣ್ಣಾರೆ ಕಂಡಿದ್ದನ್ನ ಬರೆಯೋಕೆ ಶುರು ಮಾಡಿದರು. ಲಂಕಾ ಸೇನೆ ಮಾಡಿದ್ದನ್ನ, ಭಾರತದ ಸೇನೆ ಮಾಡಿದ್ದನ್ನ, ಹುಲಿಗಳು ಮಾಡಿದ್ದನ್ನ, ಯಾರನ್ನೂ ಬಿಡದೆ. 1989ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಗುಂಡು ಹೊಡೆದರು. ವಯಸ್ಸು 35. ಇದು ಹುಲಿಗಳದೇ ಕೆಲಸ ಅಂತ ಅವರ ಜೊತೆಗಿದ್ದವರು ಹೇಳುತ್ತಲೇ ಬಂದಿದ್ದಾರೆ. ಅದೇ ವರ್ಷ ಜುಲೈನಲ್ಲಿ, ಮಾತುಕತೆಗೆ ಅಂತ ಮನೆಯೊಳಗೆ ಬಂದ ಹುಲಿಗಳು ತಮಿಳರ ಹಿರಿಯ ನಾಯಕ ಅಮಿರ್ತಲಿಂಗಂ ಅವರನ್ನ ಕೊಂದಿದ್ದರು. ಸರ್ಕಾರದ ಜೊತೆ ಕೂತು ಮಾತಾಡಬಲ್ಲ ತಮಿಳರನ್ನ ಹೀಗೆ ಒಬ್ಬೊಬ್ಬರನ್ನಾಗಿ ಮುಗಿಸಿದ ಮೇಲೆ, ತಮಿಳರಿಗೆ ಬಂದೂಕು ಬಿಟ್ಟು ಬೇರೆ ದಾರಿಯೇ ಇಲ್ಲ ಅಂತ ಆ ಹುಲಿಗಳೇ ಭಾಷಣ ಮಾಡಿದರು.

1990ರ ಅಕ್ಟೋಬರಿನಲ್ಲಿ ಹುಲಿಗಳು ಉತ್ತರ ಭಾಗದ ಮುಸ್ಲಿಮರನ್ನೆಲ್ಲ ಹೊರಗೆ ಹಾಕಿದರು. ಜಾಫ್ನಾದಲ್ಲಿ ಕೊಟ್ಟ ಗಡುವು ಎರಡು ಗಂಟೆ. ಅವರೂ ಮಾತಾಡುತ್ತಿದ್ದದ್ದು ತಮಿಳೇ! ಭಾಷೆಗಾಗಿ ಶುರುವಾದ ಹೋರಾಟ ಅದೇ ಭಾಷೆಯವರನ್ನ ಉಟ್ಟ ಬಟ್ಟೆಯಲ್ಲಿ ಓಡಿಸಿತು. 2009ರ ಮೇ ತಿಂಗಳಲ್ಲಿ ಲಂಕಾ ಸೇನೆ ಹುಲಿಗಳನ್ನ ಸೋಲಿಸಿತು, ಎಲ್ಲ ಮುಗಿಯಿತು. ಆ ಕೊನೆಯ ತಿಂಗಳುಗಳಲ್ಲಿ ಸತ್ತ ಸಾಮಾನ್ಯ ಜನ 40,000ದವರೆಗೂ ಇರಬಹುದು ಅಂತ ವಿಶ್ವಸಂಸ್ಥೆಯ ಸಮಿತಿ ಹೇಳಿತು. ಹುಲಿಗಳು ಅವರನ್ನ ಗುರಾಣಿ ಮಾಡಿಕೊಂಡಿದ್ದರು, ಸೇನೆ ಶೆಲ್ ಹಾಕುತ್ತಲೇ ಇತ್ತು. ಮುಗಿಯಿತು ಅಂದುಕೊಂಡ ಹತ್ತು ವರ್ಷಕ್ಕೆ, 2019ರ ಈಸ್ಟರ್ ಭಾನುವಾರ, ಬೇರೆಯದೇ ಗುಂಪು, ಬೇರೆಯದೇ ಹೆಸರಲ್ಲಿ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿಸಿತು. ಚುನಾವಣೆ ಕೆಲಸ ಮುಗಿಸಿ ನಾಲ್ಕು ದಿನ ಆರಾಮಾಗಿರೋಣ ಅಂತ ಹೋಗಿದ್ದ ನಮ್ಮ ಕರ್ನಾಟಕದವರೂ ಅದರಲ್ಲಿ ಹೋದರು.

ಇನ್ನು ಸಮಾಜದ ಮೇಲಿನ ಪರಿಣಾಮ. ಹೆಣದ ಲೆಕ್ಕ ಎಲ್ಲರೂ ಹೇಳ್ತಾರೆ. ನಾನು ನಮ್ಮ ಮನೆಯದ್ದು ಹೇಳ್ತೀನಿ.

ನಾವಾಗ ಯಲಚೇನಹಳ್ಳಿಯಲ್ಲಿದ್ದೆವು, ಕೋಣನಕುಂಟೆಗೆ ನಡೆದುಕೊಂಡು ಹೋಗೋ ದೂರ. ಹಿಂದುಗಡೆ ಎರಡು ರೂಮಿನ ಶೀಟ್ ಮನೆಯೊಂದನ್ನ ಅಪ್ಪ ಬಾಡಿಗೆಗೆ ಕೊಡುತ್ತಿದ್ದರು. ಆ ಆಗಸ್ಟಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಅಡ್ವಾನ್ಸ್ ಕೊಟ್ಟು ಹೋಗಿತ್ತು. ಶುಕ್ರವಾರ ಹಾಲು ಉಕ್ಕಿಸುತ್ತೀವಿ ಅಂತ ಒಂದು ಪಂಪ್ ಸ್ಟವ್, ಒಂದು ಹೊಸ ಪಾತ್ರೆ ತಂದು ಅಡುಗೆಮನೆಯಲ್ಲಿ ಇಟ್ಟಿದ್ದರು. ಅಷ್ಟರಲ್ಲಿ ಇದಾಯಿತು. ಅವರು ಮನೆಯಲ್ಲಿ ಆಡುತ್ತಿದ್ದದ್ದು ತಮಿಳು. "ರೀ, ಯಾಕೋ ಭಯ ಆಗುತ್ತೆ, ಬೇಡ ಅಂದುಬಿಡಿ" ಅಂದರು ಅಮ್ಮ. ಅಪ್ಪ ಎರಡು ದಿನ ಸುಮ್ಮನಿದ್ದರು. ಗುರುವಾರ ಸಂಜೆ ಆ ಹುಡುಗ ಬಂದಾಗ ನೋಟುಗಳನ್ನ ಕೈಗೆ ಕೊಟ್ಟು, ಊರಿಂದ ನೆಂಟರು ಬರುತ್ತಿದ್ದಾರಪ್ಪ ಅಂತ ಸುಳ್ಳು ಹೇಳಿದರು. ಅವನಿಗೆ ಗೊತ್ತಾಯಿತು. "ಸಾರ್, ನಾವು ಕೆಜಿಎಫ್‌ನವರು, ನಮ್ಮ ತಾತ ಗಣೀಲಿದ್ದರು" ಅಂದ, ಕನ್ನಡದಲ್ಲೇ. ಅಪ್ಪ ನೆಲ ನೋಡಿಕೊಂಡು ನಿಂತಿದ್ದರು. ಸ್ಟವ್ ಅವನು ಹಿಡಿದುಕೊಂಡ. ಪಾತ್ರೆ ನಾನು ಗೇಟಿನವರೆಗೆ ಎತ್ತಿಕೊಂಡು ಹೋಗಿ ಕೊಟ್ಟೆ.

ನೆಂಟರು ಯಾರೂ ಬರಲಿಲ್ಲ. ಆ ಮನೆ ನಾಲ್ಕು ತಿಂಗಳು ಖಾಲಿ ಇತ್ತು.

ಅಪ್ಪ ಈಗಿಲ್ಲ. ಶೀಟ್ ಮನೆ ಹೋಗಿ ಮೂರಂತಸ್ತು ಎದ್ದಿದೆ, ಬಾಡಿಗೆ ನೋಡಿಕೊಳ್ಳೋದು ನಾನು. ಹೋದ ತಿಂಗಳು ಒಬ್ಬ ಸಾಫ್ಟ್‌ವೇರ್ ಹುಡುಗ ಮನೆ ನೋಡೋಕೆ ಬಂದಿದ್ದ. ಒಳ್ಳೆ ಹುಡುಗ, ನೀರು ಹೇಗೆ, ಪಾರ್ಕಿಂಗ್ ಎಲ್ಲಿ ಅಂತ ಕೇಳಿದ. ಅವನ ಹೆಸರು ಕೇಳೋಕೂ ಮೊದಲು ನನ್ನ ಬಾಯಿಂದ ಬಂದಿದ್ದು "ಯಾವ ಕಡೆಯವರು ನೀವು?" ಅಂತಲೇ.