ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಯಾವ ಚಿತ್ರಕ್ಕೆ?

‘ಪುಟ್ಟಕ್ಕನ ಹೈವೇ’ ಚಿತ್ರದ ಅಭಿನಯಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಆ ಚಿತ್ರದ ಪುಟ್ಟಕ್ಕ ಶ್ರುತಿ. ಉಮಾಶ್ರೀ ಅವರು ಪುಟ್ಟಕ್ಕ ಆಗಿದ್ದು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ. ಹೆಸರು ಹತ್ತಿರ ಇದೆ ಅಂತ ಸುಮ್ನೆ ಎರಡನ್ನೂ ಗಂಟು ಹಾಕಿದ್ದಾರೆ, ಅಷ್ಟೇ.

ಅವರಿಗೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿ ಗೌರವ ತಂದದ್ದು ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ಗುಲಾಬಿ ಟಾಕೀಸ್’. ವೈದೇಹಿ ಅವರ ಕಥೆ ಆಧರಿಸಿದ ಚಿತ್ರ. ಕರಾವಳಿಯ ಮೀನುಗಾರರ ಊರಿನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ, ಅವಳ ಮನೆಗೆ ಬರುವ ಟಿವಿ, ಅದನ್ನು ನೋಡಲು ಸೇರುವ ಹೆಂಗಸರು. ಹಾಸ್ಯ ಪಾತ್ರಗಳಲ್ಲೇ ಜಾಸ್ತಿ ಕಂಡಿದ್ದ ನಟಿ ಇಲ್ಲಿ ಬೇರೆಯೇ ಆಗಿ ಕಾಣುತ್ತಾರೆ. ನೋಡಿಲ್ಲದಿದ್ದರೆ ಒಮ್ಮೆ ನೋಡಿ.